ದಪ್ಪ ಹಗ್ಗಕ್ಕೆ ಸಣ್ಣ ಹಗ್ಗ ಸೇರಿಸುವುದು ಹೇಗೆ?

ನಮಸ್ಕಾರ. ದಪ್ಪ ಹಗ್ಗಕ್ಕೆ ಸಣ್ಣ ನೈಲಾನ್ ಹಗ್ಗ ಸೇರಿಸಿ ಹೊರೆ ಬಿಗಿದೆ, ಜೋರಾಗಿ ಎಳೆದ ಕೂಡಲೇ ಗಂಟು ಜಾರಿ ಬಿಚ್ಚಿಕೊಂಡಿತು ಅಂತ ಕೇಳಿದ್ದೀರಿ. ಫೋಟೋ ನೋಡಿದೆ. ನೀವು ಹಾಕಿರುವುದು ಒಂದರ ಮೇಲೊಂದು ಹಾಕುವ ಮಾಮೂಲಿ ಗಂಟು, ರೀಫ್ ನಾಟ್ ಅಂತಾರಲ್ಲ, ಅದೇ. ಅದನ್ನು ಎಷ್ಟೇ ಬಿಗಿಯಾಗಿ ಹಾಕಿದ್ದರೂ ಬಿಚ್ಚಿಕೊಳ್ಳುತ್ತಿತ್ತು. ಚೀಲದ ಬಾಯಿ ಕಟ್ಟಲು, ಕಟ್ಟು ಬಿಗಿಯಲು ಅದು ಚೆನ್ನಾಗಿಯೇ ಇದೆ. ಆದರೆ ಎರಡು ಹಗ್ಗ ಸೇರಿಸಲು ದಯವಿಟ್ಟು ಬಳಸಬೇಡಿ. ಒಂದು ತುದಿಯನ್ನು ಪಕ್ಕಕ್ಕೆ ಜಗ್ಗಿದರೆ ಸಾಕು, ಒಂದು ಹಗ್ಗ ನೆಟ್ಟಗಾಗಿ ಇನ್ನೊಂದು ಅದರ ಮೇಲೆ ಸರಿದು ಬರುತ್ತದೆ. ದಪ್ಪದಲ್ಲಿ ವ್ಯತ್ಯಾಸ ಇದ್ದರಂತೂ ಇನ್ನೂ ಬೇಗ.

ನಿಮಗೆ ಬೇಕಾಗಿರುವುದು ಡಬಲ್ ಶೀಟ್ ಬೆಂಡ್. ದಪ್ಪ ಹಗ್ಗದ ತುದಿಯನ್ನು ಹೇರ್‌ಪಿನ್ ತರ ಮಡಚಿ ಎಡಗೈಯಲ್ಲಿ ಹಿಡಿಯಿರಿ. ಸಣ್ಣ ಹಗ್ಗದ ತುದಿಯನ್ನು ಆ ಮಡಿಕೆಯೊಳಗೆ ಕೆಳಗಿನಿಂದ ಮೇಲಕ್ಕೆ ತನ್ನಿ. ಈಗ ಅದನ್ನು ಮಡಿಕೆಯ ಹಿಂದಿನಿಂದ ಸುತ್ತಬೇಕು: ಮೊದಲು ದಪ್ಪ ಹಗ್ಗದ ಗಿಡ್ಡ ತುದಿಯ ಹಿಂದೆ, ಆಮೇಲೆ ಉದ್ದ ಭಾಗದ ಹಿಂದೆ. ಮುಂದಕ್ಕೆ ಬಂದ ತುದಿಯನ್ನು ಸಣ್ಣ ಹಗ್ಗದ ಅಡಿಯಲ್ಲೇ ತೂರಿಸಿ. ಇಲ್ಲೇ ಜಾಸ್ತಿ ಜನ ಎಡವುವುದು. ತುದಿ ಮತ್ತೆ ಮಡಿಕೆಯೊಳಗೆ ಇಳಿಯಬಾರದು, ತನ್ನ ಹಗ್ಗದ ಕೆಳಗೇ ಸಿಕ್ಕಿಕೊಳ್ಳಬೇಕು. ಹಾಗೇ ಇನ್ನೊಂದು ಸುತ್ತು ಸುತ್ತಿ ಅದೇ ಜಾಗದಲ್ಲಿ ತೂರಿಸಿದರೆ ಡಬಲ್ ಆಯಿತು. ನೈಲಾನ್ ನುಣುಪಾಗಿರುವುದರಿಂದ ಆ ಎರಡನೇ ಸುತ್ತು ಬಿಡಬೇಡಿ.

ಬಿಗಿಯುವ ಮುಂಚೆ ಒಮ್ಮೆ ನೋಡಿ: ಎರಡೂ ಗಿಡ್ಡ ತುದಿಗಳು ಗಂಟಿನ ಒಂದೇ ಪಕ್ಕಕ್ಕೆ ಇರಬೇಕು. ಒಂದು ಆಚೆ ಒಂದು ಈಚೆ ಇದ್ದರೆ ಹಿಡಿತ ಕಮ್ಮಿ, ಬಿಚ್ಚಿ ಮತ್ತೆ ಹಾಕಿ. ತುದಿ ಹಗ್ಗದ ದಪ್ಪಕ್ಕಿಂತ ಹತ್ತು ಹನ್ನೆರಡು ಪಟ್ಟಾದರೂ ಉಳಿದಿರಲಿ. ಅಂದರೆ 10 ಮಿಲಿಮೀಟರ್ ಹಗ್ಗಕ್ಕೆ 10-12 ಸೆಂಟಿಮೀಟರ್. ಮೊದಲು ಕೈಯಲ್ಲಿ ನಿಧಾನವಾಗಿ ಎಳೆದು ಗಂಟು ಕೂರಿಸಿ, ಆಮೇಲೆ ಭಾರ ಹಾಕಿ.

ಒಂದು ಎಚ್ಚರಿಕೆ. ಈ ಗಂಟು ಎಳೆತ ಇರುವವರೆಗೆ ಗಟ್ಟಿ. ಹಗ್ಗ ಸಡಿಲವಾಗಿ ಗಾಳಿಗೆ ಅಲ್ಲಾಡುತ್ತಿದ್ದರೆ ನಿಧಾನಕ್ಕೆ ಸಡಿಲವಾಗುತ್ತದೆ. ಟಾರ್ಪಾಲಿನ್ ಕಟ್ಟಿದ್ದರೆ ಆಗಾಗ ಮುಟ್ಟಿ ನೋಡಿ.

ಎರಡೂ ಹಗ್ಗ ಒಂದೇ ದಪ್ಪ ಇದ್ದು, ಮತ್ತೆ ಬಿಚ್ಚುವುದೇ ಬೇಡ ಅನ್ನುವುದಾದರೆ ಡಬಲ್ ಫಿಶರ್‌ಮನ್ ಹಾಕಿ. ಎರಡು ತುದಿಗಳನ್ನು ಎದುರುಬದುರಾಗಿ ಪಕ್ಕಪಕ್ಕ ಇಟ್ಟು, ಒಂದೊಂದನ್ನೂ ಇನ್ನೊಂದು ಹಗ್ಗದ ಮೇಲೆ ಎರಡು ಸುತ್ತು ಸುತ್ತಿ, ಆ ಸುತ್ತುಗಳೊಳಗೇ ತೂರಿಸಿ. ಉದ್ದ ಭಾಗಗಳನ್ನು ಎಳೆದರೆ ಎರಡು ಗಂಟು ಸರಿದು ಬಂದು ಒಂದಕ್ಕೊಂದು ಕಚ್ಚಿ ಕೂರುತ್ತವೆ. ಭಾರ ಬಿದ್ದ ಮೇಲೆ ಇದನ್ನು ಬಿಚ್ಚುವುದು ತುಂಬಾ ಕಷ್ಟ.

ಯಾವ ಗಂಟೇ ಆಗಲಿ, ಹಗ್ಗ ತಿರುವಿದ ಜಾಗದಲ್ಲಿ ಬಲ ಕಳೆದುಕೊಳ್ಳುತ್ತದೆ. ಸಣ್ಣ ಹಗ್ಗ ತಡೆಯುವ ಭಾರದಲ್ಲಿ ಅರ್ಧ ಮಾತ್ರ ಉಳಿದಿದೆ ಎಂದುಕೊಂಡೇ ಹೊರೆ ಹಾಕಿ. ಹೀಗೆ ಸೇರಿಸಿದ ಹಗ್ಗ ನಂಬಿ ಮರ ಹತ್ತುವುದು, ಬಾವಿಗೆ ಇಳಿಯುವುದು ಖಂಡಿತ ಬೇಡ.

ಶೀಟ್ ಬೆಂಡ್ ಬಿಚ್ಚುವಾಗ ತುದಿ ಹಿಡಿದು ಜಗ್ಗಾಡಬೇಡಿ. ದಪ್ಪ ಹಗ್ಗದ ಮಡಿಕೆಯನ್ನು ಹಿಂದಕ್ಕೆ ಬಗ್ಗಿಸಿ, ಸಣ್ಣ ಹಗ್ಗವನ್ನು ಒಳಕ್ಕೆ ತಳ್ಳಿ. ಒದ್ದೆಯಾಗಿದ್ದರೂ ಸುಲಭವಾಗಿ ಬಿಡುತ್ತದೆ.