ಸಂತೆ ನೋಡಿಕೊಳ್ಳುವವರಿಗೆ ಜೊತೆ ಯಾರು?

ಓದುಗರ ಪ್ರಶ್ನೆ, ನಮ್ಮ ಉತ್ತರ

ರೈತ ಸಂತೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಹೆಚ್ಚಿನವನ್ನು ಬರೆದವರು ಬೆಳೆಗಾರರಲ್ಲ, ಸಂತೆಯ ಉಸ್ತುವಾರಿ ಹೊತ್ತವರು. ಹಾಸನದಲ್ಲಿ ಒಂಬತ್ತು ವರ್ಷ ಇಂಥದೇ ಒಂದು ಸಂತೆಯನ್ನು ನೋಡಿಕೊಂಡವನಾದ್ದರಿಂದ ಈ ಪತ್ರಗಳನ್ನು ಓದುವಾಗ ಹಳೆಯ ದಿನಗಳು ಕಣ್ಣಮುಂದೆ ಬಂದವು. ನಾಲ್ಕು ಪತ್ರಗಳನ್ನು ಆರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ಮೂವರು ಗೆಳೆಯರು ಎರಡು ವರ್ಷಗಳಿಂದ ಭಾನುವಾರದ ರೈತ ಸಂತೆಯೊಂದನ್ನು ನಡೆಸುತ್ತಿದ್ದೇವೆ. ಇಪ್ಪತ್ತೈದು ಮಂದಿ ರೈತರು ಬರುತ್ತಾರೆ. ಜಾಗ ಹಂಚುವುದು, ಜಗಳ ಬಿಡಿಸುವುದು, ಕೊನೆಗೆ ಕಸ ಗುಡಿಸುವುದು ಎಲ್ಲವೂ ನಮ್ಮ ತಲೆಯ ಮೇಲೇ ಇದೆ. ಅಕ್ಕಪಕ್ಕದ ತಾಲ್ಲೂಕುಗಳಲ್ಲಿಯೂ ಇಂಥ ಸಂತೆಗಳಿವೆಯೆಂದು ಕೇಳಿದ್ದೇವೆ. ಆದರೆ ಅವನ್ನು ನಡೆಸುವವರು ಯಾರೆಂದೇ ನಮಗೆ ತಿಳಿಯದು. ಎಲ್ಲರೂ ಸೇರಿ ಒಂದು ಸಂಘ ನೋಂದಾಯಿಸಿದರೆ ಅನುಕೂಲವಾದೀತೇ?
– ಓದುಗರು, ಬೇಲೂರು ತಾಲ್ಲೂಕು

ಉತ್ತರ: ನೋಂದಣಿ ಕಷ್ಟದ ಕೆಲಸವಲ್ಲ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಏಳು ಮಂದಿ ಮುಂದೆ ಬಂದರೆ ಸಾಕು. ಆದರೆ ಒಬ್ಬರ ಸಂತೆಯನ್ನು ಇನ್ನೊಬ್ಬರು ಕಣ್ಣಾರೆ ನೋಡದೆ ಕಟ್ಟಿದ ಸಂಘದಲ್ಲಿ ಅಧ್ಯಕ್ಷರು ಯಾರಾಗಬೇಕು ಎಂಬ ಮಾತೇ ಮೊದಲು ಹುಟ್ಟುತ್ತದೆ, ಸಂತೆಯ ಮಾತು ಹಿಂದೆ ಬೀಳುತ್ತದೆ. ಆದ್ದರಿಂದ ಮೊದಲು ಪರಿಚಯವಾಗಲಿ, ನೋಂದಣಿಯನ್ನು ಒಂದು ವರ್ಷ ಕಳೆದ ಮೇಲೆ ಯೋಚಿಸಿ ಎಂಬುದು ನನ್ನ ಸ್ಪಷ್ಟವಾದ ಸಲಹೆ.

ನಿಮ್ಮ ಒಂಟಿತನಕ್ಕೆ ಕಾರಣವೂ ಇದೆ. ಅವಿಭಜಿತ ಆಂಧ್ರಪ್ರದೇಶದಲ್ಲಿ 1999ರ ಜನವರಿ 26ರಂದು ರೈತು ಬಜಾರ್ ಎಂಬ ರೈತ ಸಂತೆಗಳು ಆರಂಭವಾದಾಗ ಪ್ರತಿಯೊಂದು ಬಜಾರಿಗೂ ಎಸ್ಟೇಟ್ ಆಫೀಸರ್ ಎಂಬ ಒಬ್ಬ ಅಧಿಕಾರಿಯನ್ನು ಕೊಡಲಾಯಿತು. ಅದೇ ವರ್ಷ ನವೆಂಬರ್ 14ರಂದು ಮಧುರೈಯಲ್ಲಿ ಮೊದಲಾದ ತಮಿಳುನಾಡಿನ ಉಳವರ್ ಸಂದೈ ಎಂಬ ರೈತ ಸಂತೆಗಳನ್ನೂ ಸರ್ಕಾರದ ಸಿಬ್ಬಂದಿಯೇ ನಡೆಸುತ್ತಾರೆ. ಅಲ್ಲಿ ಒಬ್ಬ ಅಧಿಕಾರಿಗೆ ತೊಡಕು ಬಂದರೆ ಕೇಳಲು ಮೇಲೊಬ್ಬರು, ಪಕ್ಕದಲ್ಲೊಬ್ಬರು ಇರುತ್ತಾರೆ. ನಿಮ್ಮಂತೆ ಸ್ವಂತ ಆಸಕ್ತಿಯಿಂದ ಸಂತೆ ಕಟ್ಟಿದವರಿಗೆ ಹುದ್ದೆಯೂ ಇಲ್ಲ, ಸಹೋದ್ಯೋಗಿಯೂ ಇಲ್ಲ. ಆ ಪಕ್ಕದವರನ್ನು ನಾವೇ ಹುಡುಕಿಕೊಳ್ಳಬೇಕು.

ಹುಡುಕಿಕೊಂಡ ಮೇಲೆ ಏನು ಮಾಡಬೇಕೆಂಬುದಕ್ಕೆ ನನಗೆ ತಿಳಿದ ಅತ್ಯುತ್ತಮ ಕ್ರಮ ದೂರದ ಅಮೆರಿಕದ್ದು. ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದವರು ರೂಪಿಸಿದ ಆ ಕ್ರಮದಲ್ಲಿ ಬೇರೆ ಬೇರೆ ರೈತ ಮಾರುಕಟ್ಟೆಗಳ ಉಸ್ತುವಾರಿಗಳು ತಂಡವಾಗಿ ಒಂದು ಮಾರುಕಟ್ಟೆಗೆ ಹೋಗಿ, ಇಡೀ ದಿನ ಅಲ್ಲಿದ್ದು, ಮೂರು ಕೆಲಸ ಮಾಡುತ್ತಾರೆ. ಪ್ರತಿ ಗಂಟೆಯಲ್ಲಿ ಹತ್ತು ನಿಮಿಷ ಬಾಗಿಲಲ್ಲಿ ನಿಂತು ಒಳಗೆ ಬಂದವರನ್ನು ಎಣಿಸಿ, ಅದನ್ನು ಆರರಿಂದ ಗುಣಿಸಿದರೆ ಆ ಗಂಟೆಯ ಗಿರಾಕಿಗಳ ಅಂದಾಜು ಸಿಗುತ್ತದೆ. ನಾಲ್ಕೈದು ಪ್ರಶ್ನೆಗಳನ್ನು ದೊಡ್ಡ ಹಾಳೆಗಳ ಮೇಲೆ ಬರೆದು ನಿಲ್ಲಿಸಿ, ಬಂದವರ ಕೈಗೆ ಅಂಟಿಸುವ ಬಣ್ಣದ ಚುಕ್ಕಿಗಳನ್ನು ಕೊಟ್ಟರೆ ಅವರು ತಮ್ಮ ಉತ್ತರದ ಮುಂದೆ ಅಂಟಿಸಿ ಹೋಗುತ್ತಾರೆ. ಮೂರನೆಯದಾಗಿ, ತಂಡದ ಪ್ರತಿಯೊಬ್ಬರೂ ಸಂತೆಯ ಜಾಗ, ಮಾರುವವರ ರೀತಿ, ಅಲ್ಲಿನ ವಾತಾವರಣ ಇವುಗಳಲ್ಲಿ ತಮಗೆ ಹಿಡಿಸಿದ್ದನ್ನೂ ತಿದ್ದಬೇಕೆನಿಸಿದ್ದನ್ನೂ ಬರೆದು ಅಲ್ಲಿನವರ ಕೈಗೆ ಕೊಡುತ್ತಾರೆ. ಈ ಮೂರನೆಯ ಕೆಲಸ ನನಗೆ ಬಹಳ ಮುಖ್ಯವೆನಿಸಿದೆ, ಏಕೆಂದರೆ ಕಲಿಯುವವರು ಎರಡೂ ಕಡೆ ಇರುತ್ತಾರೆ.

ನಮ್ಮ ಸಂತೆಯಲ್ಲಿ ಒಮ್ಮೆ ಇದನ್ನು ಮಾಡಿದೆವು. ಅರಸೀಕೆರೆ ಕಡೆಯ ಸಂತೆಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಬೆಳಗಿನ ಆರೂವರೆಗೇ ಬಂದು, ಜೇಬಿನ ತುಂಬ ಹುಣಸೆಬೀಜ ಹಾಕಿಕೊಂಡು ಗೇಟಿನ ಬಳಿ ನಿಂತರು. ಒಬ್ಬರು ಒಳಗೆ ಬಂದರೆ ಒಂದು ಬೀಜ ಬಲ ಜೇಬಿನಿಂದ ಎಡ ಜೇಬಿಗೆ. ಚುಕ್ಕಿಗಳ ಬದಲಿಗೆ ಹಣೆಗಿಡುವ ಸ್ಟಿಕರ್ ಬಿಂದಿಯ ಹಾಳೆಗಳನ್ನು ತಂದಿದ್ದೆವು. ಹೆಂಗಸರು ನಗುತ್ತಾ ಅಂಟಿಸಿದರು. ಮಧ್ಯಾಹ್ನ ಲೆಕ್ಕ ಹಾಕಿದಾಗ ಏಳರಿಂದ ಎಂಟು ಗಂಟೆಯ ನಡುವೆಯೇ ಹೆಚ್ಚು ಜನ ಬಂದದ್ದು ಕಾಣಿಸಿತು. ನಮ್ಮ ಸೊಪ್ಪಿನ ರೈತರು ಬರುತ್ತಿದ್ದ ಬಸ್ಸು ತಲುಪುತ್ತಿದ್ದುದು ಎಂಟೂವರೆಗೆ. ಅವರು ಗೋಣಿತಾಟು ಹಾಸಿ ದಂಟಿನ ಕಟ್ಟುಗಳಿಗೆ ನೀರು ಚಿಮುಕಿಸುವ ಹೊತ್ತಿಗೆ ಸೊಪ್ಪು ಕೇಳುವವರು ಮನೆ ಸೇರಿರುತ್ತಿದ್ದರು, ಉಳಿದ ಕಟ್ಟುಗಳು ಹನ್ನೊಂದಕ್ಕೆ ಬಾಡಿ ದನಗಳ ಪಾಲಾಗುತ್ತಿದ್ದವು. ಇದಕ್ಕೆ ನಾವು ವರ್ಷಗಟ್ಟಲೆ ಬಿಸಿಲನ್ನು ದೂರುತ್ತಿದ್ದೆವು. ಒಳಗೆ ಓಡಾಡುತ್ತಿದ್ದ ನಮಗೆ ಕಾಣದ್ದು ಹೊರಗಿನಿಂದ ಬಂದವರಿಗೆ ಒಂದೇ ಬೆಳಗಿನಲ್ಲಿ ಕಂಡಿತು. ಆಮೇಲೆ ಆ ರೈತರೆಲ್ಲ ಸೇರಿ ಒಂದು ಗೂಡ್ಸ್ ಆಟೋ ಗೊತ್ತು ಮಾಡಿಕೊಂಡರು.

ಬೇಲೂರು ಇಂಥ ಭೇಟಿಗೆ ಹೇಳಿ ಮಾಡಿಸಿದಂಥ ಊರು. ಚಿಕ್ಕಮಗಳೂರಿಗೂ ಹತ್ತಿರ, ಹಾಸನಕ್ಕೂ ದೂರವಲ್ಲ. ಮೊದಲ ಭೇಟಿಗೆ ನಾಲ್ಕು ಸಂತೆಗಳವರು ಸೇರಿದರೂ ಸಾಕು. ಕುಳಿತು ಮಾತನಾಡಲು ಜಾಗ ಬೇಕಿದ್ದರೆ ಹಾಸನ ಜಿಲ್ಲೆಯ ಕಂದಲಿಯಲ್ಲಿಯೂ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿಯೂ ಇರುವ ಕೃಷಿ ವಿಜ್ಞಾನ ಕೇಂದ್ರಗಳನ್ನು ವಿಚಾರಿಸಿ. ರೈತರ ಕೆಲಸವೆಂದರೆ ಅವರಿಗೂ ಸಂಬಂಧಪಟ್ಟದ್ದೇ. ವಾಟ್ಸ್‌ಆ್ಯಪ್ ಗುಂಪು ಇರಲಿ. ಯಾವ ಸಂತೆ ಯಾವ ದಿನ, ಎಲ್ಲಿ ಯಾವ ತರಕಾರಿ ಹೆಚ್ಚಾಗಿದೆ ಎಂಬುದಷ್ಟೇ ಅದರಲ್ಲಿ ಬರಲಿ, ಶುಭೋದಯದ ಚಿತ್ರಗಳು ತುಂಬಿದರೆ ಬೇಕಾದ ಮಾಹಿತಿ ಹೂತುಹೋಗುತ್ತದೆ.

ಎಣಿಕೆಯ ಪುಸ್ತಕವನ್ನು ಜೋಪಾನವಾಗಿಡಿ. ಸಂತೆ ಪಟ್ಟಣದ ವ್ಯಾಪ್ತಿಯಲ್ಲಿದ್ದರೆ ಬೀದಿ ವ್ಯಾಪಾರಿಗಳ ಅಧಿನಿಯಮ, 2014ರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ನೀರಿನ ನಲ್ಲಿಯನ್ನೋ ಶೌಚಾಲಯವನ್ನೋ ಕೇಳಲು ಆ ಸಮಿತಿಯ ಮುಂದೆ ಹೋದಾಗ ‘ತುಂಬ ಜನ ಬರುತ್ತಾರೆ’ ಎನ್ನುವುದಕ್ಕೂ ಇಷ್ಟು ವಾರಗಳಲ್ಲಿ ಇಷ್ಟು ಜನ ಬಂದರೆಂದು ಪುಸ್ತಕ ಬಿಚ್ಚಿ ತೋರಿಸುವುದಕ್ಕೂ ಬಹಳ ವ್ಯತ್ಯಾಸವಿದೆ.

ಪ್ರಶ್ನೆ: ನಮ್ಮ ಸಂತೆಯಲ್ಲಿ ಬೆಳೆದವರೇ ಮಾರಬೇಕೆಂಬ ನಿಯಮವಿದೆ. ಆದರೆ ಮೂರ್ನಾಲ್ಕು ಮಂದಿ ಸಗಟು ಮಾರುಕಟ್ಟೆಯಿಂದ ತಂದು ತಮ್ಮದೇ ಬೆಳೆಯೆಂದು ಮಾರುತ್ತಾರೆ. ಕೇಳಿದರೆ, ‘ಏನಕ್ಕಾ, ನಮ್ಮನ್ನೇ ಅನುಮಾನಿಸುತ್ತೀರಾ?’ ಎಂದು ಜಗಳಕ್ಕೆ ನಿಲ್ಲುತ್ತಾರೆ. ಅದೇ ಊರಿನವಳಾದ ನಾನು ಅವರನ್ನು ಎದುರು ಹಾಕಿಕೊಳ್ಳುವುದು ಹೇಗೆ?
– ಓದುಗರು, ಚಿಕ್ಕಮಗಳೂರು

ಉತ್ತರ: ಮೇಡಂ, ಈ ಕೆಲಸವನ್ನು ನೀವೊಬ್ಬರೇ ಮಾಡಬಾರದು. ಒಬ್ಬರೇ ಮಾಡಿದರೆ ಅದು ವೈಯಕ್ತಿಕ ದ್ವೇಷದಂತೆ ಕಾಣುತ್ತದೆ.

ಉಳವರ್ ಸಂದೈಗಳಲ್ಲಿ ರೈತರ ಜಮೀನು ಮತ್ತು ಬೆಳೆಯನ್ನು ಪರಿಶೀಲಿಸಿ ಭಾವಚಿತ್ರವಿರುವ ಗುರುತಿನ ಚೀಟಿ ಕೊಡುತ್ತಾರೆ. ನಿಮ್ಮ ಸಂತೆಯಲ್ಲಿಯೂ ಪ್ರತಿಯೊಬ್ಬ ರೈತರಿಂದ ಹಂಗಾಮಿಗೊಮ್ಮೆ ಏನು ಬಿತ್ತಿದ್ದಾರೆ, ಎಷ್ಟು ಗುಂಟೆಯಲ್ಲಿ, ಕೊಯ್ಲು ಯಾವಾಗ ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಎಲ್ಲರಿಂದಲೂ ಬರೆಸಿಕೊಳ್ಳಿ, ಅನುಮಾನವಿರುವವರಿಂದ ಮಾತ್ರ ಕೇಳಿದರೆ ಮನಸ್ಸು ಮುರಿಯುತ್ತದೆ. ಆ ಮೇಲೆ ಹೊಲ ನೋಡಲು ಹೋಗುವಾಗ ಪಕ್ಕದ ತಾಲ್ಲೂಕಿನ ಸಂತೆಯ ಉಸ್ತುವಾರಿಯನ್ನು ಕರೆದುಕೊಂಡು ಹೋಗಿ, ಅವರ ಸಂತೆಯ ರೈತರ ಹೊಲಗಳಿಗೆ ನೀವು ಹೋಗಿ. ಬೇರೆ ಊರಿನವರಿಗೆ ಯಾರ ದಾಯಾದಿತನವೂ ಇರುವುದಿಲ್ಲ, ಯಾರ ಮದುವೆಗೂ ಹೋಗಬೇಕಾಗಿಲ್ಲ.

ಕಣ್ಣು ಪಳಗಿದರೆ ಹಾಳೆಯಿಲ್ಲದೆಯೂ ಕೆಲವು ಸಂಗತಿಗಳು ತಿಳಿಯುತ್ತವೆ. ಹಾಸನದ ಮಳೆಯಾಶ್ರಿತ ಆಲೂಗಡ್ಡೆಯ ಬಿತ್ತನೆ ಮೇ, ಜೂನ್ ತಿಂಗಳುಗಳಲ್ಲಿ, ಕೀಳುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ನೀರಾವರಿಯಿಲ್ಲದವರು ಏಪ್ರಿಲ್‌ನಲ್ಲಿ ಹೊಸ ಗಡ್ಡೆಯ ರಾಶಿ ಹಾಕಿದ್ದರೆ ಅದು ಬೇರೆ ಕಡೆಯಿಂದ ಬಂದದ್ದೇ. ಮನೆಯ ಹಿತ್ತಲಿನ ಟೊಮೆಟೊ ಒಂದೇ ಗಾತ್ರದಲ್ಲಿ, ಮಂಡಿಯ ಗುರುತಿರುವ ಕ್ರೇಟುಗಳಲ್ಲಿ ಬರುವುದಿಲ್ಲ. ಆದರೂ ಸಂತೆಯ ನಡುವೆ ಗಿರಾಕಿಗಳ ಎದುರಿಗೆ ಕೇಳಬೇಡಿ. ಕೆಲವೊಮ್ಮೆ ಬೆಳೆ ಕೆಟ್ಟು, ಸಾಲದ ಕಂತು ಕಟ್ಟಲೆಂದೇ ತಂದಿರುತ್ತಾರೆ. ಸಂತೆ ಮುಗಿದ ಮೇಲೆ ಕೂರಿಸಿಕೊಂಡು ಕೇಳಿದರೆ ಅರ್ಧದಷ್ಟು ಮಂದಿ ಒಪ್ಪಿಕೊಳ್ಳುತ್ತಾರೆಂಬುದು ನನ್ನ ಅನುಭವ. ಮತ್ತೆ ಮಾಡಿದರೆ ಎರಡು ವಾರ ಜಾಗವಿಲ್ಲ ಎಂಬ ನಿಯಮವನ್ನು ರೈತರ ಸಭೆಯಲ್ಲಿಯೇ ಬರೆದು ಎಲ್ಲರ ಸಹಿ ಹಾಕಿಸಿ. ಸುತ್ತಲಿನ ಸಂತೆಗಳೂ ಇದೇ ನಿಯಮವನ್ನು ಒಪ್ಪಿಕೊಂಡರೆ, ನಿಮ್ಮಲ್ಲಿ ಜಾಗ ಕಳೆದುಕೊಂಡವರು ಮರುದಿನ ಇನ್ನೊಂದು ಸಂತೆಯಲ್ಲಿ ಅದೇ ಸರಕು ಹರಡುವುದೂ ನಿಲ್ಲುತ್ತದೆ.

ಪ್ರಶ್ನೆ: ಸಂತೆಗೆ ಬರುವ ಸ್ವಸಹಾಯ ಸಂಘದ ಮಹಿಳೆಯರು ಉಪ್ಪಿನಕಾಯಿ, ಹಪ್ಪಳ ಮಾರುತ್ತಾರೆ. ಪರವಾನಗಿ ಬೇಕೇ? ತಕ್ಕಡಿಗಳ ವಿಷಯದಲ್ಲಿ ನಮ್ಮ ಜವಾಬ್ದಾರಿ ಏನು?
– ಓದುಗರು, ಅರಸೀಕೆರೆ

ಉತ್ತರ: ರೈತರು ತಾವು ಬೆಳೆದ ತರಕಾರಿ, ಹಣ್ಣು, ಕಾಳುಗಳನ್ನು ಹಾಗೆಯೇ ಮಾರಿದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006 ಅವರಿಗೆ ಅನ್ವಯಿಸುವುದಿಲ್ಲ. ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವವರಿಗೆ ಅನ್ವಯಿಸುತ್ತದೆ. ಸಣ್ಣ ಪ್ರಮಾಣದವರಿಗೆ ಎಫ್‌ಎಸ್‌ಎಸ್‌ಎಐ (ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ನೋಂದಣಿ ಸಾಕು, ದೊಡ್ಡ ಪರವಾನಗಿ ಬೇಡ. ವಿದ್ಯುನ್ಮಾನ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ 12 ತಿಂಗಳಿಗೊಮ್ಮೆ, ತೂಕದ ಬಟ್ಟುಗಳಿಗೆ 24 ತಿಂಗಳಿಗೊಮ್ಮೆ ಆಗಬೇಕು. ಮುದ್ರೆ ಬಿದ್ದ ಒಂದು ತಕ್ಕಡಿಯನ್ನು ಸಂತೆಯ ನಡುವೆ ಇಡಿ, ಯಾರು ಬೇಕಾದರೂ ಕೊಂಡದ್ದನ್ನು ಅದರಲ್ಲಿ ತೂಗಿ ನೋಡಲಿ. ನಮ್ಮಲ್ಲಿ ಹಾಗೆ ಇಟ್ಟ ಮೇಲೆ ತೂಕದ ಜಗಳ ನಿಂತೇ ಹೋಯಿತು.

ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ ಬಿಡುವುದಿಲ್ಲ. ಟಾರ್ಪಾಲಿನ ಮೇಲೆ ನಿಂತ ನೀರನ್ನು ಕೋಲಿನಿಂದ ಎತ್ತಿ ಚೆಲ್ಲುವುದರಲ್ಲೇ ಬೆಳಗು ಕಳೆಯುತ್ತದೆ. ಐದು ವರ್ಷ ಸಂಬಳವಿಲ್ಲದೆ ದುಡಿದಿದ್ದೇನೆ. ಮನೆಯವರು ಬೇಸರಿಸಿಕೊಂಡಿದ್ದಾರೆ, ನನಗೂ ಸಾಕೆನಿಸಿದೆ.
– ಓದುಗರು, ಸಕಲೇಶಪುರ

ಉತ್ತರ: ಸಾಕೆನಿಸುವುದು ನಿಮ್ಮ ತಪ್ಪಲ್ಲ. ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟಲು 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆಯಲ್ಲಿ ಪ್ರತಿ ಸಂಸ್ಥೆಯ ನಿರ್ವಹಣಾ ವೆಚ್ಚಕ್ಕೆಂದು ಮೂರು ವರ್ಷಗಳಿಗೆ 18 ಲಕ್ಷ ರೂಪಾಯಿವರೆಗೆ ನೆರವು ಇಟ್ಟಿದ್ದಾರೆ. ರೈತರ ಸಂಸ್ಥೆಯೊಂದು ನಡೆಯಬೇಕಾದರೆ ಅದನ್ನು ನಡೆಸುವ ಮನುಷ್ಯನ ಸಂಬಳಕ್ಕೆ ದಾರಿಯಿರಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಸಂತೆಗೂ ಅದೇ ಮಾತು ಅನ್ವಯಿಸಬೇಕು. ಇಪ್ಪತ್ತೈದು ರೈತರು ವಾರಕ್ಕೆ ಇಪ್ಪತ್ತು ರೂಪಾಯಿಯಂತೆ ಕೊಟ್ಟರೆ ಐನೂರು ರೂಪಾಯಿಯಾಗುತ್ತದೆ. ಸಂಬಳವೆನ್ನಲು ಅದು ಸಾಲದು, ಆದರೆ ನಿಮ್ಮ ಪೆಟ್ರೋಲು, ಊಟದ ಖರ್ಚು ಕೈಯಿಂದ ಹೋಗುವುದಿಲ್ಲ. ಕೇಳಲು ಸಂಕೋಚಪಡಬೇಡಿ. ನಾನು ಆರು ವರ್ಷ ಸಂಕೋಚಪಟ್ಟೆ, ಕೇಳಿದ ದಿನ ಒಬ್ಬರೂ ಇಲ್ಲವೆನ್ನಲಿಲ್ಲ.

ಮಳೆಗಾಲದಲ್ಲಿ ಪ್ರತಿವಾರ ಸಂತೆ ನಡೆಸಲೇಬೇಕೆಂಬ ಹಟ ಬೇಡ. ಸೂರಿರುವ ಜಾಗದಲ್ಲಿ ಹದಿನೈದು ದಿನಕ್ಕೊಮ್ಮೆ ನಡೆಯಲಿ. ನಿಮ್ಮಲ್ಲಿ ತರಕಾರಿ ಕೊಳೆಯುವ ಆ ತಿಂಗಳುಗಳಲ್ಲಿ ಅರಸೀಕೆರೆ, ಕಡೂರಿನ ಬಯಲುಸೀಮೆಯಲ್ಲಿ ಹೊಲದ ಕೆಲಸ ನಡೆದಿರುತ್ತದೆ. ಅಲ್ಲಿನ ಉಸ್ತುವಾರಿ ತಾವು ಹೊಲ ನೋಡಿದ ಇಬ್ಬರು ಬೆಳೆಗಾರರನ್ನು ಒಂದು ಪತ್ರ ಕೊಟ್ಟು ನಿಮ್ಮ ಸಂತೆಗೆ ಕಳಿಸಲಿ. ಬೇಸಿಗೆಯಲ್ಲಿ ನೀವು ನಿಮ್ಮ ಕಾಳುಮೆಣಸು, ಏಲಕ್ಕಿ ಬೆಳೆಗಾರರನ್ನು ಅವರಲ್ಲಿಗೆ ಕಳಿಸಿ. ಬೆಳೆದವರೇ ಮಾರಬೇಕೆಂಬ ನಿಯಮವೂ ಉಳಿಯುತ್ತದೆ, ಗಿರಾಕಿಯೂ ಬರಿಗೈಯಲ್ಲಿ ಹೋಗುವುದಿಲ್ಲ.

ಬಿಡುವುದೇ ಆದರೂ ಒಮ್ಮೆಲೇ ಬಿಡಬೇಡಿ. ಎರಡು ತಿಂಗಳು ರಜೆ ತೆಗೆದುಕೊಳ್ಳಿ, ಸಂತೆಯ ರೈತರಲ್ಲೇ ಒಬ್ಬರಿಗೆ ಪುಸ್ತಕ ಮತ್ತು ಬೀಗದ ಕೈ ಕೊಡಿ. ಬೇಲೂರಿನ ಓದುಗರು ಮೇಲೆ ಬರೆದಿರುವುದನ್ನು ಓದಿದಿರಲ್ಲವೇ? ಅವರೂ ನಿಮ್ಮಂತೆಯೇ ಜೊತೆಯನ್ನು ಹುಡುಕುತ್ತಿದ್ದಾರೆ. ಇಬ್ಬರೂ ಒಪ್ಪಿಗೆಯನ್ನು ಒಂದು ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಿದರೆ ಒಬ್ಬರ ವಿಳಾಸವನ್ನು ಇನ್ನೊಬ್ಬರಿಗೆ ನಾನೇ ತಲುಪಿಸುತ್ತೇನೆ. ಚಿಕ್ಕಮಗಳೂರು, ಅರಸೀಕೆರೆಯ ಓದುಗರೂ ಹಾಗೆಯೇ ಬರೆಯಬಹುದು.