ಎಂಸಿಬಿ ಬೀಳುತ್ತಿದೆಯಾ? ದೊಡ್ಡದು ಹಾಕಿಸಬೇಡಿ

ಎಂಸಿಬಿ, ಫ್ಯೂಸ್ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ. ವೇಷ ಮಾತ್ರ ಬೇರೆ ಬೇರೆ. "ಪದೇ ಪದೇ ಬೀಳುತ್ತಿದೆ, ದೊಡ್ಡದು ಹಾಕಲಾ?" ಬೇಡ ಎಂದು ಉತ್ತರ ಬರೆದು ಬರೆದು ಸಾಕಾಗಿದೆ. ಈ ಸಲ ಇದೊಂದನ್ನೇ ಪೂರ್ತಿ ಬಿಡಿಸಿ ಹೇಳುತ್ತೇನೆ. ಉಳಿದವಕ್ಕೆ ಚುಟುಕಾಗಿ ಉತ್ತರ. ಎಂಸಿಬಿ ಎಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ, ಅಂದರೆ ಆಫ್ ಆಗುವ ಸ್ವಿಚ್. ಆಂಪಿಯರ್ ಎಂದರೆ ಕರೆಂಟಿನ ಅಳತೆ. ಅದಕ್ಕಿಂತ ಹೆಚ್ಚು ಬಿಡಿಸುವ ತಾಳ್ಮೆ ನನಗಿಲ್ಲ.

ಪ್ರಶ್ನೆ: ಗೀಸರ್ ಹಾಕಿದ ಇಪ್ಪತ್ತು ನಿಮಿಷಕ್ಕೆ 16 ಆಂಪಿಯರ್ ಎಂಸಿಬಿ ಬೀಳುತ್ತದೆ. 32ರದ್ದು ಹಾಕಿದರೆ ಸರಿಹೋಗುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಹಾಕಿಸಲಾ?

ಹಾಕಿಸಬೇಡಿ. ಬೀಳುವುದು ನಿಲ್ಲಬಹುದು, ತೊಂದರೆ ಮಾತ್ರ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ಗೀಸರ್ ಕೆಟ್ಟರೆ ಅದಕ್ಕೇನೂ ಚಿಂತೆಯಿಲ್ಲ. 16 ಎಂಬ ಸಂಖ್ಯೆಯನ್ನು ಆರಿಸಿದ್ದು ವೈರಿನ ದಪ್ಪ ನೋಡಿ. ಅದೇ ವೈರಿನಲ್ಲಿ ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. 32ರ ಎಂಸಿಬಿ 32 ದಾಟಿದ ಕೂಡಲೇ ಬೀಳುವುದಿಲ್ಲ. 36 ಆಂಪಿಯರ್ ಹರಿದರೂ ಒಂದು ಗಂಟೆ ಬೀಳಬಾರದು, 46 ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು, ಇದು ಅದರ ನಿಯಮ. ಆ ಒಂದು ಗಂಟೆ 2.5 ಚದರ ಮಿಲಿಮೀಟರ್ ವೈರಿನ ಪಾಡೇನು? ಅದರ ಮಾಮೂಲಿ ಪಿವಿಸಿ ಹೊದಿಕೆ 70 ಡಿಗ್ರಿವರೆಗಿನ ಬಿಸಿಗೆ ಮಾಡಿದ್ದು. ಅದು ಗೋಡೆಯೊಳಗೆ ಮೆತ್ತಗಾಗಿ, ಆಮೇಲೆ ಸುಟ್ಟು ಬಿರಿಯುವುದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಈಗ ಲೆಕ್ಕ ಹಾಕಿ. ಗೀಸರ್ ಮೇಲೆ 2000 ವ್ಯಾಟ್ ಎಂದಿದ್ದರೆ 230 ವೋಲ್ಟ್‌ಗೆ ಅದು ಎಳೆಯುವುದು 8.7 ಆಂಪಿಯರ್. 3000 ವ್ಯಾಟ್ ಇದ್ದರೂ 13. ಅದೊಂದೇ ಓಡುತ್ತಿದ್ದರೆ 16ರ ಎಂಸಿಬಿ ಬೀಳಲೇಬಾರದು. ಆದರೂ ಬೀಳುತ್ತಿದೆ ಎಂದರೆ ಕೇಳಬೇಕಾದದ್ದು ಯಾಕೆ ಎಂದು. ದೊಡ್ಡದು ಹಾಕಿ ಎನ್ನುವವರು ಕೇಳದೆ ಬಿಡುವುದು ಈ ಒಂದು ಪ್ರಶ್ನೆಯನ್ನೇ.

ಮೊದಲು ಆ ಎಂಸಿಬಿ ಆಫ್ ಮಾಡಿ, ಮನೆಯಲ್ಲಿ ಏನೇನು ನಿಂತಿತು ಎಂದು ಸುತ್ತಾಡಿ ನೋಡಿ. ವಾಷಿಂಗ್ ಮಷೀನಿನ ಪಾಯಿಂಟ್ ಕೂಡ ಅದೇ ಲೈನಿನಲ್ಲಿರಬಹುದು. ಅದರ ನೀರು ಕಾಯಿಸುವ ಹೀಟರ್ 2000 ವ್ಯಾಟ್, ಗೀಸರ್ 3000 ಎಂದಾದರೆ ಎರಡೂ ಸೇರಿ ಸುಮಾರು 22 ಆಂಪಿಯರ್. ಸ್ವಲ್ಪ ಹೊತ್ತು ತಡೆದು ಬೀಳುವುದು ಸರಿಯಾದ ಕೆಲಸವೇ. ಎಂಸಿಬಿಯಲ್ಲಿ ದೋಷವಿಲ್ಲ, ಗೀಸರಿಗೆ ಬೇರೆ ಲೈನ್ ಎಳೆಸಬೇಕು.

ಬೇರೇನೂ ಇಲ್ಲವಾ? ಹಾಗಾದರೆ ನನ್ನ ಮೊದಲ ಅನುಮಾನ ಲೂಸ್ ಕನೆಕ್ಷನ್. ಎಂಸಿಬಿ ಒಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇರುತ್ತದೆ. ಬಿಸಿಯಾದರೆ ಬಾಗಿ ಟ್ರಿಪ್ ಮಾಡುತ್ತದೆ. ಆ ಬಿಸಿ ಎಲ್ಲಿಂದ ಬಂತು ಎಂದು ಪಟ್ಟಿಗೆ ಗೊತ್ತಾಗುವುದಿಲ್ಲ. ಎಂಸಿಬಿಯ ಸ್ಕ್ರೂ ಸಡಿಲವಾಗಿದ್ದರೆ ಅಲ್ಲಿ ಹುಟ್ಟಿದ ಬಿಸಿಯೂ ಒಳಗೆ ಹೋಗಿ, ಕಡಿಮೆ ಕರೆಂಟಿಗೇ ಬೀಳಿಸುತ್ತದೆ. ಅಕ್ಕಪಕ್ಕ ಒತ್ತಾಗಿ ಜೋಡಿಸಿದ ಎಂಸಿಬಿಗಳು ಎಲ್ಲವೂ ಲೋಡಿನಲ್ಲಿದ್ದರೂ ಹೀಗಾಗಬಹುದು. ಮೇನ್ ಆಫ್ ಮಾಡಿಸಿ, ಸ್ಕ್ರೂ ಬಿಗಿ ಇದೆಯಾ, ವೈರಿನ ತುದಿ ಕಪ್ಪಾಗಿದೆಯಾ, ಪ್ಲಾಸ್ಟಿಕ್ ಹಳದಿಯಾಗಿದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಗೀಸರಿನ ಪ್ಲಗ್ ಪಾಯಿಂಟನ್ನೂ ಬಿಚ್ಚಿಸಿ. ಅಲ್ಲಿನ ಲೂಸ್ ಇನ್ನೂ ಅಪಾಯ. ಕರೆಂಟ್ ಜಾಸ್ತಿ ಆಗಿರುವುದಿಲ್ಲ, ಆದ್ದರಿಂದ ದೂರದ ಎಂಸಿಬಿಗೆ ಸುದ್ದಿಯೇ ಮುಟ್ಟುವುದಿಲ್ಲ. ಪ್ಲಗ್ ಕರಗಿದ ವಾಸನೆ ಬಂದಾಗಲೇ ಗೊತ್ತಾಗುವುದು. ಸ್ಕ್ರೂ ಎಲ್ಲ ಬಿಗಿ, ವೈರ್ ಸರಿ, ಕ್ಲ್ಯಾಂಪ್ ಮೀಟರ್ ತೋರಿಸುವ ಕರೆಂಟೂ ಸರಿ, ಆದರೂ ಬೀಳುತ್ತದೆ ಎಂದರೆ ಮಾತ್ರ ಎಂಸಿಬಿ ಬದಲಾಯಿಸಿ. ಅದೂ ಮತ್ತೆ 16ರದ್ದೇ.

ಇಪ್ಪತ್ತು ನಿಮಿಷ ಕಾಯದೆ, ಸ್ವಿಚ್ ಹಾಕಿದ ತಕ್ಷಣ ಟಪ್ ಎಂದು ಬಿದ್ದರೆ ಕತೆ ಬೇರೆ. ಅದು ಎಂಸಿಬಿ ಒಳಗಿನ ಕಾಯಿಲಿನ ಕೆಲಸ, ಕರೆಂಟ್ ಒಮ್ಮೆಲೇ ನುಗ್ಗಿದರೆ ಬೀಳಿಸುವುದು ಅದೇ. ಶಾರ್ಟ್ ಆಗಿರಬಹುದು. ಮೋಟಾರ್ ಪಂಪ್ ಆದರೆ ಶುರುವಾಗುವಾಗಿನ ಕರೆಂಟಿಗೂ ಬೀಳಬಹುದು. ಬಿ ಎಂದು ಬರೆದ ಎಂಸಿಬಿ ತನ್ನ ಆಂಪಿಯರಿನ 3ರಿಂದ 5 ಪಟ್ಟು ಕರೆಂಟಿಗೆ ತಕ್ಷಣ ಬೀಳುತ್ತದೆ, ಸಿ ಆದರೆ 5ರಿಂದ 10 ಪಟ್ಟು ಕರೆಂಟಿಗೆ. ಮೋಟಾರಿಗೆ ಅದೇ ಆಂಪಿಯರಿನ ಸಿ ಹಾಕಿಸುವುದುಂಟು. ಬಿದ್ದ ಲಿವರನ್ನು ಒಂದು ಸಲ ಎತ್ತಿ ನೋಡಿ. ಮತ್ತೆ ಬಿದ್ದರೆ ಕೈ ಬಿಡಿ. ಲಿವರಿಗೆ ದಾರ ಕಟ್ಟಿ ಮೇಲೆ ನಿಲ್ಲಿಸಿದ ಮಹಾನುಭಾವರನ್ನೂ ನೋಡಿದ್ದೇನೆ. ಲಿವರ್ ಹಿಡಿದಿಟ್ಟರೂ ಒಳಗೆ ಬೀಳುವ ಹಾಗೆಯೇ ಅದನ್ನು ಮಾಡಿರುತ್ತಾರೆ, ದಾರ ದಂಡ.

ಪ್ರಶ್ನೆ: ಕಾರಿನಲ್ಲಿ 10 ಆಂಪಿಯರ್ ಫ್ಯೂಸ್ ಎರಡು ಸಲ ಹೋಯಿತು. ಮೆಕ್ಯಾನಿಕ್ 20ರದ್ದು ಹಾಕಿದರು. ಈಗ ಸರಿಯಿದೆ. ಹಾಗೇ ಬಿಡಬಹುದಾ?

ಮೇಲಿನದ್ದನ್ನೇ ಇನ್ನೊಮ್ಮೆ ಓದಿ. 12 ವೋಲ್ಟ್ ತಾನೇ ಎಂಬ ಉಡಾಫೆ ಬೇಡ. ಶಾಕ್ ಹೊಡೆಯದಿರಬಹುದು, ಆದರೆ ಸ್ಟಾರ್ಟರಿಗೆ ನೂರಾರು ಆಂಪಿಯರ್ ಕೊಡುವ ಬ್ಯಾಟರಿಗೆ ಒಂದು ತೆಳು ವೈರನ್ನು ಕೆಂಪಗೆ ಕಾಯಿಸಲು ಜಾಸ್ತಿ ಹೊತ್ತು ಬೇಡ. ಆ ವೈರಿನ ಜೊತೆ ವೈರುಗಳ ಇಡೀ ಕಟ್ಟೇ ಹೋಗುತ್ತದೆ. ಹಳದಿ 20ರದ್ದನ್ನು ಕಿತ್ತು, ಕೆಂಪು 10ರದ್ದನ್ನೇ ಹಾಕಿ. ಆಮೇಲೆ ಫ್ಯೂಸ್ ಯಾವಾಗ ಹೋಗುತ್ತದೆ ಎಂದು ಗಮನಿಸಿ. ಬ್ರೇಕ್ ಒತ್ತಿದಾಗಲಾ, ಗುಂಡಿಯಲ್ಲಿ ಕುಕ್ಕಿದಾಗಲಾ, ಡಿಕ್ಕಿ ತೆಗೆದಾಗಲಾ? ವೈರ್ ತಗಡಿಗೆ ಉಜ್ಜಿ ಸಿಪ್ಪೆ ಹೋದ ಜಾಗ ಅಲ್ಲೇ ಸಿಗುತ್ತದೆ. ಹೊಸದಾಗಿ ಲೈಟು, ಹಾರ್ನ್ ಹಾಕಿಸಿದ್ದರೆ ಮೊದಲು ಅದನ್ನು ಬಿಚ್ಚಿ ನೋಡಿ. 55 ವ್ಯಾಟಿನ ಎರಡು ಬಲ್ಬ್ ಎಂದರೇ 9 ಆಂಪಿಯರ್ ದಾಟುತ್ತದೆ. ಅಂಥವಕ್ಕೆ ಬ್ಯಾಟರಿಯಿಂದ ಬೇರೆ ವೈರ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್), ಬ್ಯಾಟರಿ ಪಕ್ಕದಲ್ಲೇ ಒಂದು ಫ್ಯೂಸ್ ಬೇಕು.

ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕೊಡುವವರ ಹತ್ತಿರ ಗಾಡಿ ಬಿಡಲೇಬೇಡಿ. ಅದು ತಾತ್ಕಾಲಿಕ ಎನ್ನುತ್ತಾರೆ. ಯಾರೂ ಮತ್ತೆ ತೆಗೆದದ್ದನ್ನು ನಾನು ಕಾಣೆ.

ಪ್ರಶ್ನೆ: ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲ ಅಲ್ವಾ?

ಹೊಡೆಯುತ್ತದೆ. ಪ್ರಾಣ ಹೋಗಲು ಆಂಪಿಯರಿನ ನೂರರಲ್ಲಿ ಕೆಲವೇ ಪಾಲು ಮೈಯಲ್ಲಿ ಹರಿದರೂ ಸಾಕು, 6 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಶಾಕಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಬೇಕು, ಅಂದರೆ ಹೋದ ಕರೆಂಟ್ ಪೂರ್ತಿ ವಾಪಸು ಬರದೆ ಸೋರಿದರೆ ಬೀಳುವ ಸ್ವಿಚ್. ಅದೂ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನು ಕಾಯುವುದಿಲ್ಲ.

ಪ್ರಶ್ನೆ: ಆರ್‌ಸಿಸಿಬಿ ಸುಮ್ನೆ ಸುಮ್ನೆ ಬೀಳುತ್ತದೆ. ತೆಗೆಸಿಬಿಡಲಾ?

ಬೇಡ. ಸುಮ್ನೆ ಬೀಳುವುದಿಲ್ಲ. ಒಂದೊಂದೇ ಪ್ಲಗ್ ಕಿತ್ತು ನೋಡಿ, ಕರೆಂಟ್ ಸೋರುವುದು ಯಾವುದರಿಂದ ಎಂದು ಗೊತ್ತಾಗುತ್ತದೆ. ಇನ್ವರ್ಟರ್ ಹಾಕಿಸಿದ ಮೇಲೆ ಶುರುವಾಗಿದ್ದರೆ ನ್ಯೂಟ್ರಲ್‌ಗಳನ್ನು ಬೆರೆಸಿರುತ್ತಾರೆ. ಬೇರೆ ಬೇರೆ ಮಾಡಿಸಿ. ಟೆಸ್ಟ್ ಬಟನ್ ಕೊನೆಯ ಸಲ ಒತ್ತಿದ್ದು ಯಾವಾಗ?

ಪ್ರಶ್ನೆ: ಮನೆಯಲ್ಲಿ ಉಳಿದ ಎಂಸಿಬಿಯನ್ನು ಸೋಲಾರ್ ಬ್ಯಾಟರಿಗೆ ಹಾಕಬಹುದಾ?

ಮೇಲೆ ಡಿಸಿ ವೋಲ್ಟೇಜ್ ಬರೆದಿಲ್ಲದಿದ್ದರೆ ಬೇಡ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಎಂಸಿಬಿ ಬೀಳುವಾಗ ಒಳಗೆ ಹುಟ್ಟುವ ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಆ ಕಿಡಿ ಎಳೆದುಕೊಂಡೇ ಇರುತ್ತದೆ. ಡಿಸಿ ಎಂಸಿಬಿಯನ್ನೇ ತನ್ನಿ, ಅದರ ಮೇಲೆ ಪ್ಲಸ್, ಮೈನಸ್ ಬರೆದಿದ್ದರೆ ಹಾಗೆಯೇ ಜೋಡಿಸಿ.

ಪ್ರಶ್ನೆ: ಕಾರಿನ ಫ್ಯೂಸನ್ನು ಮಿಕ್ಸಿ ಲೈನಿಗೆ?

ಅದು 32 ವೋಲ್ಟಿಗೆ ಮಾಡಿದ್ದು. ಬೇಡ.