ಗೋಡೌನ್‌ನಾಗಿನ ಪಾರಿವಾಳ ಓಡಸಾಕ ಪಳಗಿಸಿದ ಗಿಡುಗ ಹುಬ್ಬಳ್ಳ್ಯಾಗ ಸಿಗತೈತೇನು?
ಅಮರಗೋಳ ಎಪಿಎಂಸಿ ಒಳಗ ಕಾಳಿನ ಗೋಡೌನ್ ಐತಿ, ಪಾರಿವಾಳದ ಹಿಕ್ಕಿ ಚೀಲದ ಮ್ಯಾಲೆಲ್ಲಾ ಬೀಳಾಕತ್ತೈತಿ, ವಿಂಬಲ್ಡನ್‌ನಾಗ ಟೆನಿಸ್ ಮೈದಾನದ ಮ್ಯಾಲ ಗಿಡುಗ ಬಿಟ್ಟು ಓಡಸೋ ವಿಡಿಯೋ ನೋಡೀನಿ, ನಮ್ಮ ಕಡೆ ಅಂಥಾ ಸರ್ವಿಸ್ ಯಾರರ ಕೊಡ್ತಾರೇನು ಅಂತ ಕೇಳೀರಿ. ಇಲ್ರಿ. ಕೊಡ್ತೀನಿ ಅಂತ ಯಾರರ ಬಂದ್ರೂ ಅಡ್ವಾನ್ಸ್ ಕೊಡಬ್ಯಾಡ್ರಿ. ಯಾಕಂತ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತೈತಿ.

ನಾನು ಗದಗಿನಾಂವ, ಈಗ ಇರೋದು ಹುಬ್ಬಳ್ಳ್ಯಾಗ, ಮದ್ಲ ದುಬೈದಾಗ ಒಂದು ದೊಡ್ಡ ಬಿಲ್ಡಿಂಗಿನ ಮೆಂಟೆನೆನ್ಸ್ ನೋಡ್ಕೋತಿದ್ದೆ. ಅಲ್ಲಿ ಪಾರಿವಾಳಕ್ಕ ಗಿಡುಗದ ಕಾಂಟ್ರ್ಯಾಕ್ಟ್ ಇತ್ತು, ಟೆರೇಸಿನ ಕೀಲಿ ನನ್ನ ಕಡೆನೇ, ಹಂಗಾಗಿ ಹಕ್ಕಿ ತರೋ ಮನಷ್ಯಾನ ಸಂಗಾಟ ನಾನೂ ಮ್ಯಾಲ ಹೋಗ್ತಿದ್ದೆ. ಹಕ್ಕಿ ಹ್ಯಾರಿಸ್ ಹಾಕ್ ಅಂತ, ವಿಂಬಲ್ಡನ್ನಿನ ರೂಫಸ್ ಅನ್ನೋದೂ ಇದ ಜಾತಿ (ಅದನ್ನ 2012ರಾಗ ಯಾರೋ ಕದ್ದೊಯ್ದಿದ್ರು, ಆಮ್ಯಾಲ ಸಿಕ್ಕತು). ಅಮೆರಿಕಾ ಖಂಡದ ಹಕ್ಕಿ ಇದು. ಉಳಿದ ಗಿಡುಗ ಹೆಚ್ಚಾಗಿ ಒಂಟಿ ಬೇಟೆ ಆಡತಾವ, ಇವು ಗುಂಪು ಕಟ್ಟಿ ಆಡೋ ಜಾತಿ, ಅದಕ್ಕ ಮನಷ್ಯಾನ ಜೋಡೀನೂ ಲಗೂ ಹೊಂದ್ಕೋತಾವ.

ಹಾರಸೋಕಿಂತ ಮದ್ಲ ಆಂವ ಮಾಡೋ ಕೆಲಸ ತೂಕ. ಗಾಡಿ ಹಿಂದಿನ ಬಾಗಲಾ ತಗದು ಒಂದು ತಕ್ಕಡಿ ಇಡ್ತಿದ್ದ, ಅದರ ಮ್ಯಾಲ ತಟ್ಟಿ ಬದ್ಲಿ ಅಡ್ಡ ಕಟಗಿ ಇರ್ತಿತ್ತು, ಹಕ್ಕಿ ತಾನ ಜಿಗದು ಅದರ ಮ್ಯಾಲ ಕುಂಡ್ರತಿತ್ತು, ಆಂವ ಗ್ರಾಮ್ ಲೆಕ್ಕದಾಗ ನೋಡಿ ನೋಟ್‌ಬುಕ್ಕಿನಾಗ ಬರ್ಕೋತಿದ್ದ. ಹೊಟ್ಟಿ ತುಂಬಿದ ಗಿಡುಗ ಕರದ್ರ ಬರಂಗಿಲ್ಲ, ಯಾವದೋ ಟವರಿನ ತುದಿಗೆ ಹೋಗಿ ಆರಾಮ ಕುಂತ್ಬಿಡತೈತಿ, ಭಾಳ ಉಪಾಸ ಕೆಡವಿದ್ರ ಅದರ ಜೀವಕ್ಕ ಕುತ್ತು, ಇವೆರಡರ ನಡುವಿನ ತೂಕ ಹಿಡಿಯೋದ ಅವರ ವಿದ್ಯಾ. ಕಾಲಿಗೆ ತೊಗಲಿನ ಪಟ್ಟಿ, ಸಣ್ಣ ಗೆಜ್ಜಿ, ತಪ್ಪಿಸ್ಕೊಂಡ್ರ ಹುಡಕಾಕ ಟ್ರಾನ್ಸ್‌ಮಿಟರ್. ಮಾಂಸದ ಚೂರು ಕೈಗವಸಿನ ಬೆರಳ ಸಂದ್ಯಾಗ ಹಿಡದು ಸೀಟಿ ಹೊಡದ್ರ ಪಕ್ಕದ ಬಿಲ್ಡಿಂಗಿನಿಂದ ತಗ್ಗಿನಾಗ ತೇಲಿ ಬಂದು ಕೈಮ್ಯಾಲ ದಪ್ಪಂತ ಕೂಡತಿತ್ತು.

ಪಾರಿವಾಳ ಹಿಡದಿದ್ದು ಅಪರೂಪ ರೀ. ಹಿಡದ್ರ ಆವತ್ತಿನ ಡ್ಯೂಟಿ ಮುಗದಂಗನ, ಹೊಟ್ಟಿ ತುಂಬಿದ ಮ್ಯಾಲ ಮತ್ತ ಹಾರಬೇಕಲ್ಲ. ಆಂವಗ ಬೇಕಾಗಿದ್ದು ಅಂಜಿಕಿ ಅಷ್ಟ. ಗಿಡುಗ ಎದ್ದಕೂಡ್ಲೆ ಹಿಂಡು ಹಿಂಡ ಪಾರಿವಾಳ ಒಮ್ಮೆಲೆ ಎದ್ದು ಸುತ್ತು ಹೊಡದು ದೂರ ಹೋಗಿಬಿಡ್ತಿದ್ವು, ಒಮ್ಮೆ ಮುಂಜಾನೆ, ಒಮ್ಮೆ ಮಧ್ಯಾಹ್ನ, ಒಮ್ಮೆ ಸಂಜಿಕ ಹಿಂಗ ಟೈಮ್ ಬದಲಿಸಿ ಬದಲಿಸಿ ಬಿಡ್ತಿದ್ದ, ಯಾಕಂದ್ರ ದಿನಾ ಅದ ಟೈಮಿಗೆ ಬಂದ್ರ ಪಾರಿವಾಳಕ್ಕ ಗೊತ್ತಾಗಿಬಿಡತೈತಿ. ನಡುವ ಆಂವ ಬರೋದು ಬಿಟ್ರ ಪಾರಿವಾಳ ಮತ್ತ ಹಾಜರ್. ಅಂದ್ರ ಕಾಂಟ್ರ್ಯಾಕ್ಟ್ ಇರೋತನಕ ಅಷ್ಟ ಪರಿಹಾರ. ಅದೂ ಬಯಲಿನಾಗ, ಟೆರೇಸ್ ಮ್ಯಾಲ. ನಿಮ್ಮ ತಗಡಿನ ಶೆಡ್ಡಿನ ಒಳಗ, ಆಂಗಲ್ ಮ್ಯಾಲ ಗೂಡು ಕಟ್ಟಿ ಮರಿ ಇಟ್ಕೊಂಡ ಪಾರಿವಾಳ ಅಷ್ಟ ಸುಲಭಕ್ಕ ಜಾಗಾ ಬಿಡಂಗಿಲ್ಲ.

ಈ ವಿದ್ಯಾ ನಮ್ಮ ಕಡೆಗೆ ಹೊಸಾದೇನಲ್ಲ ಮತ್ತ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಾಗ ಬರೆದ ಮಾನಸೋಲ್ಲಾಸದಾಗ ರಾಜರ ವಿನೋದದೊಳಗ ಡೇಗೆ (ಗಿಡುಗದಂಥಾ ಬೇಟೆ ಹಕ್ಕಿ) ಬಿಟ್ಟು ಆಡೋ ಬೇಟೆನೂ ಒಂದು. ಆದ್ರ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಐತಿ, ಇಲ್ಲಿ ಗಿಡುಗ, ಡೇಗೆ ಹಿಡಿಯೋದು, ಮಾರೋದು ಎಲ್ಲಾ ಅಪರಾಧ, ಜೈಲಿಗೆ ಹೋಗೋ ಕೆಲಸ. ಹೊರದೇಶದ್ದು ತರಸ್ತೀನಿ ಅಂದ್ರ ಸೈಟಿಸ್ (ಕಾಡುಪ್ರಾಣಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರ್ಮಿಟ್ಟು, ಇಂಪೋರ್ಟ್ ಲೈಸೆನ್ಸು, ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ನಾಗ ರಿಜಿಸ್ಟ್ರೇಶನ್ನು, ಅದರ ಮ್ಯಾಲ ದಿನಾ ತೂಕ ಮಾಡಿ ಹಾರಸೋ ಪಳಗಿದ ಮನಷ್ಯಾ. ಒಂದು ಗೋಡೌನಿಗೆ ಇಷ್ಟು ಯಾರು ಮಾಡ್ತಾರ ಹೇಳ್ರಿ.

ಅದ ರೊಕ್ಕ ನೆಟ್ಟಿಗೆ ಹಾಕ್ರಿ. ತಗಡು ಗ್ವಾಡಿ ಕೂಡೋ ಸಂದಿ, ವೆಂಟಿಲೇಟರ್, ಇವೆಲ್ಲಾ ನೈಲಾನ್ ಜಾಳಿಗಿಲೆ ಮುಚ್ಚಸ್ರಿ, ಪಾರಿವಾಳಕ್ಕ ಎರಡಿಂಚಿನ ಕಣ್ಣಿಂದು ಸಾಕು. ಲೋಡಿಂಗ್ ಬಾಗಲಾ ದಿನಾ ತಗದ ಇರತೈತಿ, ಅಲ್ಲಿ ಪ್ಲಾಸ್ಟಿಕ್ ಪಟ್ಟಿ ಪರದೆ ಇಳಿಬಿಡ್ರಿ, ಹಮಾಲರು ಮದ್ಲ ಮದ್ಲ ಬೈತಾರ, ಆಮ್ಯಾಲ ರೂಢಿ ಆಗತೈತಿ. ಚೀಲ ಇಳಸುವಾಗ ಚೆಲ್ಲಿದ ಕಾಳು ಅವತ್ತ ಬಳದು ತಗೀರಿ. ಯಾರ್ಡಿನಾಗ ಪುಣ್ಯಕ್ಕಂತ ಮುಂಜಾನೆ ಜ್ವಾಳ ಚೆಲ್ಲೋ ಹಿರಿಯರು ಯಾರರ ಇದ್ರ ಅವರನ್ನ ಒಪ್ಪಸೋದು ನೆಟ್ ಹಾಕೋಕಿಂತ ಕಷ್ಟ, ಅದು ನಿಮಗ ಬಿಟ್ಟಿದ್ದು. ಪ್ಲಾಸ್ಟಿಕ್ ಗೂಬಿ, ಸಿಡಿ ತೂಗಬಿಡೋದು ನಾಕು ದಿನದ ಆಟ, ಅಲುಗಾಡದ ಗೂಬಿ ತಲಿಮ್ಯಾಲ ಪಾರಿವಾಳ ಕುಂತಿದ್ದು ನಾನ ನೋಡೀನಿ. ಹಿಡದು ಕಲಘಟಗಿ ಕಡೆ ಬಿಟ್ಟು ಬರ್ತೀನಿ ಅಂದ್ರ ನಿಮಗಿಂತ ಮದ್ಲ ಅವ ಮನಿ ಮುಟ್ಟತಾವ. ವಿಷ ಅಂತೂ ಬ್ಯಾಡ, ಸತ್ತ ಪಾರಿವಾಳ ತಿಂದು ಹದ್ದೂ ಸಾಯ್ತಾವ.

ಹಿಕ್ಕಿ ಒಣದಿದ್ದನ್ನ ಹಂಗ ಗುಡಿಸಬ್ಯಾಡ್ರಿ, ಧೂಳು ಫುಪ್ಪುಸಕ್ಕ ಕೆಟ್ಟದ್ದು, ನೀರು ಚಿಮುಕಿಸಿ ಮಾಸ್ಕ್ ಹಾಕ್ಕೊಂಡ ತಗೀರಿ. ನೆಟ್ ಹೊಡಿಯೋಕಿಂತ ಮದ್ಲ ಗೂಡು ನೋಡ್ರಿ, ಸಾಮಾನ್ಯ ಎರಡು ತತ್ತಿ ಇಡತಾವ, ಮರಿ ಆಗಾಕ ಹದಿನೆಂಟು ದಿನದ ಹತ್ರ, ಹಾರಾಕ ಮತ್ತೊಂದು ತಿಂಗಳು, ಮರಿ ಒಳಗ ಉಳಿದು ತಾಯಿ ಹೊರಗಾದ್ರ ವಾಸನಿ ನಿಮಗ. ಮತ್ತ ಜಾಳಿಗಿ ಬಿಗಿಯಾಗಿ ಎಳದು ತಂತಿಗೆ ಕಟ್ಟಸ್ರಿ, ಜೋತು ಬಿದ್ರ ಹಕ್ಕಿ ಸಿಕ್ಕೊಂಡು ಒದ್ದಾಡತಾವ, ಏಣಿ ಹತ್ತಿ ಬಿಡಸೋ ಕೆಲಸ ನಿಮ್ಮ ಪಾಲಿಗೆ ಬರತೈತಿ.